ಬಿಳಿ ರೆಕಾರ್ಡಿನ ಎರಡು ಬದಿ

ಭಾನುವಾರ ಮಧ್ಯಾಹ್ನ ಬರ್ಲಿನ್ನಿನ ಮರ್ಯಾದಸ್ಥರೆಲ್ಲ ಕೇಕು ಕಾಫಿ ಮುಂದಿಟ್ಟುಕೊಂಡು ಕೂರುವ ಹೊತ್ತಿಗೆ ಫೋಲ್ಕರ್ ರೆಕಾರ್ಡುಗಳ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಡುತ್ತಿದ್ದ. ಅವನ ಕೆಲಸ ಒಂದು ಕ್ಲಬ್ಬಿನಲ್ಲಿ ಜನ ಕುಣಿಯಲು ಟೆಕ್ನೊ ಸಂಗೀತ ಹಾಕುವುದು. ಶನಿವಾರ ರಾತ್ರಿ ಬಾಗಿಲು ತೆರೆದರೆ ಸೋಮವಾರ ಬೆಳಗಿನವರೆಗೆ ಮುಚ್ಚದ ಆ ಕ್ಲಬ್ಬು ಒಂದು ಕಾಲದಲ್ಲಿ ಮಂಜುಗಡ್ಡೆಯ ಕಾರ್ಖಾನೆಯಾಗಿತ್ತು. ತಿಂಗಳ ಮೊದಲ ಭಾನುವಾರದ ಮಧ್ಯಾಹ್ನದ ಪಾಳಿ ಫೋಲ್ಕರನದು. ರಾತ್ರಿಯ ಪಾಳಿ ಹೆಸರು ಮಾಡಬೇಕಾದವರಿಗೆ, ಮಧ್ಯಾಹ್ನದ್ದು ಹೆಸರಿನ ಹಂಗು ಬಿಟ್ಟವರಿಗೆ ಎಂದು ಅವನು ಹೇಳಿಕೊಳ್ಳುತ್ತಿದ್ದ. ರಾತ್ರಿಯ ಪಾಳಿಗೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ ಎಂಬುದು ನಿಜವಾದ ಸಂಗತಿ, ಅದನ್ನು ಕೇಳುವವರೂ ಇರಲಿಲ್ಲ.

ಆ ಭಾನುವಾರ ಅವನು ರೈಲಿನಲ್ಲಿ ಎಂದಿನಂತೆ ಎಡಗಡೆ ಗೋಡೆ ಇರುವ ಸೀಟು ಹುಡುಕಿ ಕೂತ. ಒಂದು ವರ್ಷದಿಂದ ಇದು ಅಭ್ಯಾಸವಾಗಿತ್ತು. ಎಡಗಿವಿ ಪೂರ್ತಿ ಕಿವುಡಾಗಿದ್ದರೆ ಅದೊಂದು ಲೆಕ್ಕ, ಬಲಗಿವಿಯಲ್ಲೇ ಹೇಗೋ ಸಂಸಾರ ತೂಗಿಸಬಹುದಿತ್ತು. ಆದರೆ ಅವನ ಎಡಗಿವಿಗೆ ಎಲ್ಲ ಕೇಳುತ್ತಿತ್ತು, ಎಲ್ಲವೂ ತಪ್ಪಾಗಿ ಕೇಳುತ್ತಿತ್ತು. ಬಲಗಿವಿ ಕೇಳಿಸಿಕೊಂಡ ಸ್ವರವನ್ನೇ ಎಡಗಿವಿ ಅರ್ಧ ಮನೆ, ಅಂದರೆ ಅರ್ಧ ಸ್ವರದಷ್ಟು, ಮೇಲಕ್ಕೆತ್ತಿ ಕೇಳುತ್ತಿತ್ತು. ರೈಲಿನ ಬಾಗಿಲು ಮುಚ್ಚುವಾಗ ಬರುವ ಸಣ್ಣ ಸದ್ದು ಒಂದು ದಿನ ಅವನಿಗೆ ಎರಡಾಗಿ ಕೇಳಿಸಿತು, ಪಕ್ಕಪಕ್ಕ ನಿಂತು ಒಂದನ್ನೊಂದು ಸಹಿಸದ ಎರಡು ಸ್ವರಗಳು. ಮೊದಲು ರೈಲು ಕೆಟ್ಟಿದೆ ಎಂದುಕೊಂಡ. ಮನೆಗೆ ಬಂದು ಕಾಲಿಂಗ್ ಬೆಲ್ ಒತ್ತಿ ನೋಡಿದ, ಅದೂ ಎರಡಾಗಿತ್ತು.

ಕಿವಿಯ ಡಾಕ್ಟರು ಸುತ್ತಿ ಬಳಸಿ ಹೇಳುವ ಪೈಕಿಯವರಲ್ಲ. "ಮೂವತ್ತು ವರ್ಷ ಸ್ಪೀಕರ್ ಪಕ್ಕ ನಿಂತಿದ್ದೀರಿ. ಇನ್ನೇನಾಗುತ್ತೆ ಅಂದ್ಕೊಂಡಿದ್ರಿ?" ಎಂದಿದ್ದರು. "ಇದಕ್ಕೆ ಔಷಧಿ ಇಲ್ಲ. ಕಿವಿ ಇನ್ನೂ ಇದೆಯಲ್ಲ, ಅದಕ್ಕೆ ಖುಷಿಪಡಿ."

ಫೋಲ್ಕರ್ ಖುಷಿಪಡಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹೇಳಬೇಕಾದವಳು ಒಬ್ಬಳೇ, ಅವಳು ಸಮುದ್ರದ ದಂಡೆಯಲ್ಲಿದ್ದಳು.

ಎರಡು ರೆಕಾರ್ಡುಗಳನ್ನು ಒಂದರ ಮೇಲೊಂದು ಓಡಿಸಿ ಜನರಿಗೆ ಗೊತ್ತಾಗದಂತೆ ಒಂದರಿಂದ ಇನ್ನೊಂದಕ್ಕೆ ದಾಟುವುದು ಈ ಕಸುಬಿನ ಅ ಆ ಇ ಈ. ತಾಳ ಕೂಡಿಸುವುದನ್ನು ಯಾರು ಬೇಕಾದರೂ ಒಂದು ಚಳಿಗಾಲದಲ್ಲಿ ಕಲಿತಾರು. ಶ್ರುತಿ ಕೂಡಿಸುವುದು ಬೇರೆ ಮಾತು. ರೆಕಾರ್ಡನ್ನು ತಾಳಕ್ಕಾಗಿ ಜೋರಾಗಿ ಓಡಿಸಿದರೆ ಅದರ ಶ್ರುತಿಯೂ ಜೊತೆಗೇ ಏರುತ್ತದೆ, ನಿಧಾನಿಸಿದರೆ ಇಳಿಯುತ್ತದೆ. ಹಾಗಾಗಿ ಯಾವುದು ಯಾವುದರ ಜೊತೆ ಯಾವ ವೇಗದಲ್ಲಿ ಕೂಡುತ್ತದೆ ಎಂಬುದನ್ನು ಕಿವಿಯೇ ಹುಡುಕಬೇಕು. ಈಗಿನ ಯಂತ್ರಗಳು ಶ್ರುತಿ ಕೆಡಿಸದೆ ವೇಗ ಏರಿಸುತ್ತವೆ, ಯಾವ ಹಾಡು ಯಾವ ಶ್ರುತಿ ಎಂದು ಪರದೆಯ ಮೇಲೆ ಬರೆದೂ ತೋರಿಸುತ್ತವೆ. ಫೋಲ್ಕರ್ ಅವನ್ನು ಮುಟ್ಟಿದವನಲ್ಲ. ಕುಣಿಯುವ ಜನಕ್ಕಂತೂ ಇದಾವುದರ ಗೊಡವೆಯಿಲ್ಲ. ಎದೆಬಡಿತದ ಎರಡರಷ್ಟು ವೇಗದಲ್ಲಿ ಡ್ರಮ್ಮು ಬಡಿಯುತ್ತಿರುವಾಗ ಶ್ರುತಿ ಅರ್ಧ ಮನೆ ಆಚೀಚೆಯಾದರೆ ಕಾಲುಗಳಿಗೇನು ನಷ್ಟ? ಅದೊಂದು ಇಬ್ಬರ ಹುಚ್ಚಾಗಿತ್ತು, ಅವನದು ಮತ್ತು ರಮೋನಾಳದು.

ಬರ್ಲಿನ್ ಗೋಡೆ ಬಿದ್ದ ನಂತರದ ವರ್ಷಗಳಲ್ಲಿ, ಪೂರ್ವ ಬರ್ಲಿನ್ನಿನ ಖಾಲಿ ಕಟ್ಟಡಗಳಲ್ಲಿ ಯಾರು ಬೇಕಾದರೂ ಸ್ಪೀಕರ್ ಹಚ್ಚಿ ಕುಣಿಯಬಹುದಾಗಿದ್ದಾಗ ಅವರಿಬ್ಬರೂ ಜೋಡಿಯಾದರು. ಎರಡು ರೆಕಾರ್ಡುಗಳ ಸದ್ದು ಬೆರೆಸುವ ಒಂದೇ ಮಿಕ್ಸರ್ ಮುಂದೆ ಅವನೊಂದು ರೆಕಾರ್ಡು, ಅವಳೊಂದು ರೆಕಾರ್ಡು. ಒಂದೇ ಅಡುಗೆಮನೆ, ಒಂದೇ ಹಾಸಿಗೆ. ಇಬ್ಬರೂ ಸೇರಿ ಒಂದೇ ಒಂದು ಟ್ರ್ಯಾಕ್ ಮಾಡಿದರು, ಬಲು ಓಟದ್ದು. ಅದನ್ನು ಯಾವ ಶ್ರುತಿಯಲ್ಲಿ ಅಚ್ಚು ಹಾಕಿಸಬೇಕೆಂದು ಒಂದು ವಾರ ಜಗಳವಾಡಿದರು. ಫೋಲ್ಕರನಿಗೆ ಮೇಲಿನದು ಬೇಕು, ರಮೋನಾಳಿಗೆ ಅರ್ಧ ಮನೆ ಕೆಳಗಿನದು. ಕೊನೆಗೆ ಒಂದು ಬದಿಗೆ ಅವನದು, ಇನ್ನೊಂದು ಬದಿಗೆ ಅವಳದು ಹಾಕಿಸಿದರು. ಅದೇ ವೇಗ, ಅದೇ ಉದ್ದ, ಕಣ್ಣಿಗೆ ಎರಡೂ ಬದಿ ಒಂದೇ. ಯಾವುದನ್ನು ಮೊದಲನೆಯ ಬದಿ ಎನ್ನಬೇಕೆಂದು ಮತ್ತೆ ಜಗಳ ಹತ್ತಿದ್ದರಿಂದ ನಡುವಿನ ಕಾಗದದ ಮೇಲೆ ಏನನ್ನೂ ಬರೆಸದೆ ಬೆಳ್ಳಗೆ ಬಿಟ್ಟರು.

"ಗುರುತು ಯಾಕ್ ಬೇಕು?" ಎಂದಿದ್ದಳು ರಮೋನಾ. "ಕಿವಿ ಇಲ್ವಾ ನಮ್ಗೆ? ಕಿವಿ ಇಲ್ದೋರು ಕೊಂಡ್ಕೊಳ್ಳೋದೇ ಬೇಡ."

ಆ ಬಿಳಿ ರೆಕಾರ್ಡಿಗೆ ಜೋಡಿ ಸಿಕ್ಕಿದ್ದು ಅಡುಗೆಮನೆಯಲ್ಲಿ. ರಮೋನಾ ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದಳು. ಫೋಲ್ಕರ್ ಓಡುತ್ತಿದ್ದ ಬಿಳಿಯ ಜೊತೆಗೆ ಹಸಿರು ಕಾಗದದ ಒಂದು ನಿಧಾನದ ರೆಕಾರ್ಡು ಹಾಕಿ, ಬೇಸರಕ್ಕೆ ವೇಗದ ಗುಂಡಿಯನ್ನು ಮೇಲಕ್ಕೆ ಜಾರಿಸುತ್ತಿದ್ದ. "ಮುಟ್ಬೇಡ! ಅಲ್ಲೇ ಬಿಡು!" ಎಂದು ಅವಳು ಚಾಕು ಹಿಡಿದೇ ಓಡಿ ಬಂದಳು. ಹಸಿರು ಅಷ್ಟು ಓಡಿದಾಗ ಸರಿಯಾಗಿ ಅರ್ಧ ಮನೆ ಏರಿ, ಬಿಳಿಯ ಮೇಲಿನ ಶ್ರುತಿಗೆ ಹಾಲಿಗೆ ಸಕ್ಕರೆ ಬೆರೆತಂತೆ ಬೆರೆಯುತ್ತಿತ್ತು. "ಹಾಳಾದ್ದು, ನಿನ್ನ ಬದಿಗೇ ಕೂಡ್ತಲ್ಲೋ," ಎಂದು ಅವಳು ಹೊಟ್ಟೆ ಉರಿಸಿಕೊಂಡದ್ದೂ ಉಂಟು.

ಪ್ರತಿ ಪಾಳಿ ಮುಗಿದ ಮೇಲೆ ಅವರಿಗೊಂದು ಪದ್ಧತಿಯಿತ್ತು. ಕ್ಲಬ್ಬಿನ ತೋಟದ ಬೇಲಿಗೆ ಒರಗಿ, ಹಸಿ ಖೀಮಾ ಹಚ್ಚಿ ಈರುಳ್ಳಿ ಉದುರಿಸಿದ ಬನ್ನು ತಿನ್ನುತ್ತ ರಮೋನಾ ಅವನ ತಪ್ಪುಗಳನ್ನು ಹೆಕ್ಕಿ ಹೆಕ್ಕಿ ಬೈಯುವುದು. "ಆ ಮೂರನೇದನ್ನ ತಂದ್ಯಲ್ಲ, ಕುರುಡ ಮೆಟ್ಲು ಇಳಿದ ಹಾಗಿತ್ತು." "ಬೇಸ್ ಹಾಗೆ ಬಿಡೋದು ಯಾರು ಹೇಳ್ಕೊಟ್ರು, ನಿಮ್ಮಜ್ಜಿನಾ?" ಬರ್ಲಿನ್ನಿನವರ ಬಾಯಲ್ಲಿ ಹೊಗಳಿಕೆ ಬರುವುದು ಅಪರೂಪ. ಅಕ್ಕರೆಯಿದ್ದಲ್ಲಿ ಬೈಯುತ್ತಾರೆ, ಅಕ್ಕರೆ ಇಲ್ಲದಿದ್ದರೆ ಸುಮ್ಮನಿರುತ್ತಾರೆ. ಇಷ್ಟು ವರ್ಷಗಳಲ್ಲಿ ರಮೋನಾ ಅವನಿಗೆ ಚೆನ್ನಾಗಿತ್ತು ಎಂದವಳಲ್ಲ. ಎಲ್ಲ ಸರಿಯಿದ್ದ ದಿನ ಬನ್ನಿನಲ್ಲಿ ಈರುಳ್ಳಿ ಜಾಸ್ತಿಯಾಯಿತೆಂದು ಬೈದು ಮುಗಿಸುತ್ತಿದ್ದಳು. ಫೋಲ್ಕರನಿಗೆ ಅದೇ ಬಿರುದು ಬಾವಲಿ.

ಆಮೇಲೆ ಒಂದು ವಸಂತದಲ್ಲಿ ಅವಳು ಹೋದಳು. "ನಂಗೆ ರಾತ್ರಿ ನಿದ್ದೆ ಮಾಡ್ಬೇಕು ಕಣೋ. ಹಗಲು ಏಳ್ಬೇಕು," ಎಂದಳು, ಅಷ್ಟೇ. ಬಾಲ್ಟಿಕ್ ಸಮುದ್ರದ ರ್‍ಯೂಗೆನ್ ದ್ವೀಪದಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತ ಉಳಿದಳು. ಜಗಳವಾಡಿ ಹೋಗಿದ್ದರೆ ರಾಜಿ ಮಾಡಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ಹುಟ್ಟುಹಬ್ಬಕ್ಕೊಂದು ಫೋನು, ಹೊಸ ವರ್ಷಕ್ಕೊಂದು ಫೋನು, ಇಷ್ಟರಲ್ಲೇ ವರ್ಷಗಳು ಕಳೆದವು. ಫೋಲ್ಕರ್ ಅದೇ ಅಡುಗೆಮನೆಯಲ್ಲಿ ಒಬ್ಬನೇ ಆಲೂಗಡ್ಡೆ ಸುಲಿಯುತ್ತಿದ್ದ.

ಕಿವಿ ಕೆಟ್ಟ ಮೇಲೆ ಅವನು ಸ್ವರವಿರುವ ರೆಕಾರ್ಡುಗಳನ್ನೇ ಬಿಟ್ಟಿದ್ದ. ಬರೀ ಡ್ರಮ್ಮು, ಬರೀ ತಾಳ. ತಾಳದಲ್ಲಿ ಎರಡು ಕಿವಿಗಳಿಗೂ ಜಗಳವಿರಲಿಲ್ಲ. ಒಂದೆರಡು ಸಲ ಆಸೆ ತಡೆಯದೆ ಶ್ರುತಿ ಕೂಡಿಸಿದ್ದೂ ಇತ್ತು. ಅದಕ್ಕೊಂದು ಉಪಾಯ ಕಂಡುಕೊಂಡಿದ್ದ: ಎಡಗಿವಿಗೆ ಮೇಣದ ಬಿರಡೆ ತುರುಕಿ, ಹೆಡ್‌ಫೋನನ್ನು ಬಲಗಿವಿಗೆ ಹಾಕಿ, ಎರಡೂ ರೆಕಾರ್ಡುಗಳನ್ನು ಆ ಒಂದೇ ಕಿವಿಯಲ್ಲಿ ಕೇಳುವುದು. ಆದರೆ ಸಂಗೀತ ಸ್ಪೀಕರಿನಿಂದ ಹೊರಬಿದ್ದ ಮೇಲೆ ಬಿರಡೆಯನ್ನೂ ಮೀರಿ ಎಡಗಿವಿ ತನ್ನ ಕೈಚಳಕ ತೋರಿಸುತ್ತಿತ್ತು. ಪ್ರತಿ ಸ್ವರಕ್ಕೂ ಒಂದು ನೆರಳು ಅಂಟಿಕೊಳ್ಳುತ್ತಿತ್ತು. ಸರಿಯಾದದ್ದೂ ಹುಳಿ, ತಪ್ಪಾದದ್ದೂ ಹುಳಿ. ಸರಿಯಾಗಿತ್ತೇ ಎಂದು ಕೇಳೋಣವೆಂದರೆ ತಿಳಿದು ಹೇಳುವವರು ಯಾರೂ ಇರಲಿಲ್ಲ.

ಹೀಗಿರುವಾಗ ರಮೋನಾ ಫೋನು ಮಾಡಿದ್ದಳು. "ಅಕ್ಕನ ಹುಟ್ಟುಹಬ್ಬಕ್ಕೆ ಬರ್ತಿದ್ದೀನಿ. ಭಾನುವಾರ ನಿನ್ನ ಪಾಳಿ ತಾನೇ? ಬಂದು ನಾಲ್ಕು ಬೈದು ಹೋಗ್ತೀನಿ."

ಫೋನಿಟ್ಟ ಮೇಲೆ ಫೋಲ್ಕರ್ ಹಸಿರು ಮತ್ತು ಬಿಳಿ ರೆಕಾರ್ಡುಗಳ ಧೂಳು ಒರೆಸಿ ಚೀಲಕ್ಕೆ ಹಾಕಿದ. ಮನಸ್ಸಿನಲ್ಲಿ ಒಂದು ತೀರ್ಮಾನವಾಗಿತ್ತು. ಅವಳ ಮುಂದೆ ಆ ಜೋಡಿಯನ್ನು ಹಾಕುವುದು. ಅವಳು ಈರುಳ್ಳಿಗೆ ಬೈದರೆ ತನ್ನಲ್ಲಿ ಇನ್ನೂ ಕಸುಬು ಉಳಿದಿದೆ, ಬದುಕಿಗೆ ಅಷ್ಟು ಸಾಕು. ಇಲ್ಲವಾದರೆ ಇದೇ ಕೊನೆಯ ಭಾನುವಾರ.

ಕ್ಲಬ್ಬಿನಲ್ಲಿ ಬಾರು ನೋಡಿಕೊಳ್ಳುವ ಸಿಬೆಲ್ ಅವನನ್ನು ಕಂಡೊಡನೆ ಕಾಲೆಳೆದಳು. ಅವನ ಜೊತೆ ಮಾತಾಡುವಾಗ ಅವಳು ಯಾವಾಗಲೂ ಕಿರುಚುತ್ತಿದ್ದಳು, ಕಿವಿಯ ಸಂಗತಿ ಗೊತ್ತಿದ್ದುದರಿಂದಲ್ಲ, ಬಾರಿನಲ್ಲಿ ಎಲ್ಲರ ಜೊತೆಗೂ ಕಿರುಚಲೇಬೇಕು.

"ಏನೋ, ಇಸ್ತ್ರಿ ಮಾಡಿದ ಶರ್ಟು! ಯಾರಾದ್ರೂ ಸತ್ರಾ?"

"ರಮೋನಾ ಬರ್ತಿದ್ದಾಳೆ."

"ಓಹೋ! ಹಾಗಾದ್ರೆ ಬಾಗಿಲಲ್ಲಿ ಹೇಳಿಡ್ತೀನಿ, ಅವಳನ್ನ ತಡೀಬೇಡಿ ಅಂತ. ಕೂದಲು ಬೇರೆ ಬಾಚ್ಕೊಂಡಿದ್ದೀಯಲ್ಲೋ, ಇರೋ ನಾಲ್ಕನ್ನ."

"ನೀನು ನಿನ್ನ ಬಾಟ್ಲಿ ನೋಡ್ಕೊಳೇ."

ಕತ್ತಲ ಹಜಾರದ ಎತ್ತರದ ಕಿಟಕಿಗಳಿಗೆ ಕಪ್ಪು ಪರದೆ ಹಾಕಿದ್ದರೂ ಸಂದಿಯಿಂದ ಮಧ್ಯಾಹ್ನದ ಬಿಸಿಲಿನ ಗೆರೆಗಳು ನೆಲಕ್ಕೆ ಬೀಳುತ್ತಿದ್ದವು. ನಿನ್ನೆಯಿಂದ ಕುಣಿಯುತ್ತಿದ್ದವರೂ ಈಗಷ್ಟೇ ಸ್ನಾನ ಮಾಡಿ ಬಂದವರೂ ಆ ಗೆರೆಗಳಲ್ಲಿ ತಲೆ ಹಾಕಿ ತೆಗೆಯುತ್ತಿದ್ದರು. ಫೋಲ್ಕರ್ ಎಡಗಿವಿಗೆ ಬಿರಡೆ ಹಾಕಿ, ಬಲಗಿವಿಗೆ ಹೆಡ್‌ಫೋನ್ ಏರಿಸಿ ಡ್ರಮ್ಮಿನ ರೆಕಾರ್ಡುಗಳಿಂದ ಶುರುಮಾಡಿದ. ಒಂದೊಂದಾಗಿ ವೇಗ ಏರಿಸುತ್ತ ಹೋದ. ಕೈ ಹಳೆಯ ಕೈಯೇ. ಜನ ಕಣ್ಣು ಮುಚ್ಚಿ ಕುಣಿದರು.

ಪಾಳಿಯ ಕೊನೆಗೆ ಹಸಿರು ರೆಕಾರ್ಡು ಹಾಕಿ ವೇಗ ಏರಿಸಿ, ಅದೊಂದೇ ಓಡಲು ಬಿಟ್ಟು ತಲೆಯೆತ್ತಿದಾಗ ಅವಳು ಕಂಡಳು. ಕಂಬದ ಪಕ್ಕ, ಹಿಂದೆ ನಿಲ್ಲುತ್ತಿದ್ದ ಜಾಗದಲ್ಲೇ, ಮಳೆಕೋಟು ತೋಳಿಗೆ ಹಾಕಿಕೊಂಡು ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಹಸಿರಿನ ಸ್ವರ ಕೇಳಿದವಳೇ ಗಲ್ಲ ಮೇಲೆತ್ತಿದಳು, ಮುಂದೇನು ಬರುತ್ತದೆಂದು ಗೊತ್ತಾದವಳ ಹಾಗೆ. ಫೋಲ್ಕರನ ಕೈ ತಾನಾಗಿ ಕಿವಿಗೆ ಹೋಯಿತು. ಅವನ ಹೆಡ್‌ಫೋನ್ ಬಲಗಿವಿಯಲ್ಲಿತ್ತು. ಮೂವತ್ತು ವರ್ಷ ಅವನು ಅದನ್ನು ಎಡಗಿವಿಗೇ ಹಾಕಿದವನು, ಅವನ ಎಡಗಿವಿಯನ್ನು ಅವಳು ತಮಾಷೆಗೆ ಮನೆಯ ಯಜಮಾನ ಎಂದು ಕರೆಯುತ್ತಿದ್ದಳು. ಬಲಗಡೆ ಕಂಡರೆ ಒಂದು ಕ್ಷಣದಲ್ಲಿ ಅವಳಿಗೆ ಎಲ್ಲ ತಿಳಿದುಹೋಗುತ್ತದೆ. ಅವನು ಬಗ್ಗಿ, ಏನೋ ಹುಡುಕುವವನಂತೆ ನಟಿಸಿ, ಎಡಗಿವಿಯ ಬಿರಡೆ ಕಿತ್ತು ಜೇಬಿಗೆ ಹಾಕಿಕೊಂಡ. ಮೇಲೆದ್ದಾಗ ಹೆಡ್‌ಫೋನ್ ಎಡಗಡೆಗೆ ಬಂದಿತ್ತು.

ಇನ್ನು ಬಿಳಿ ರೆಕಾರ್ಡಿನ ಯಾವ ಬದಿ ಎಂದು ತಿಳಿಯಬೇಕಿತ್ತು. ಒಂದು ಬದಿಯನ್ನು ಮೇಲೆ ಮಾಡಿ ಇಟ್ಟು ಸೂಜಿ ಇಳಿಸಿದ. ಬಲಗಿವಿಯಲ್ಲಿ ಹಜಾರದ ಹಸಿರು, ಎಡಗಿವಿಯಲ್ಲಿ ಹೆಡ್‌ಫೋನಿನ ಬಿಳಿ. ತಾಳ ಕೂಡಿತು. ಸ್ವರ ಮಾತ್ರ ಹಲ್ಲಿನ ನಡುವೆ ಮರಳು ಸಿಕ್ಕಿದ ಹಾಗೆ ಕರಕರ ಎಂದಿತು. ತಟ್ಟೆ ತಿರುಗಿಸಿ ಇನ್ನೊಂದು ಬದಿಗೆ ಸೂಜಿ ಇಟ್ಟ.

ಅದು ಕೂಡಿತು. ಅಡುಗೆಮನೆಯಲ್ಲಿ ಕೂಡಿದ ಹಾಗೆಯೇ ಕೂಡಿತು. ಒಂದು ವರ್ಷದಿಂದ ಕಾಲಿಂಗ್ ಬೆಲ್ಲಿನಿಂದ ಹಿಡಿದು ಕುದಿಯುವ ಕೆಟಲಿನವರೆಗೆ ಎಲ್ಲವನ್ನೂ ಒಡೆದು ಎರಡು ಮಾಡಿದ್ದ ಅವನ ತಲೆಯೊಳಗೆ ಎರಡು ಸ್ವರಗಳು ಬಂದು ಒಂದಾಗಿ ನಿಂತವು. ಫೋಲ್ಕರನ ಕಣ್ಣು ತುಂಬಿ ಬಂತು.

ಲೆಕ್ಕ ಅವನಿಗೆ ಗೊತ್ತಿಲ್ಲದ್ದೇನಲ್ಲ. ಎಡಗಿವಿ ಅರ್ಧ ಮನೆ ಏರಿಸಿ ಕೇಳುತ್ತದೆ, ಹಾಗಾಗಿ ಅವನಿಗೆ ಹಿತವಾದದ್ದು ಊರಿಗೆ ಹುಳಿ, ಅವನಿಗೆ ಕರಕರ ಎಂದದ್ದೇ ಸರಿಯಾದ ಬದಿ. ಜನರಿಗೆ ಸಿಹಿ ಬಡಿಸಬೇಕಾದರೆ ತಾನು ಮರಳು ಅಗಿಯಬೇಕು. ಇಷ್ಟೂ ಗೊತ್ತಿತ್ತು. ಆದರೂ ಮನಸ್ಸು ಎಂಥ ಕಳ್ಳ ನೋಡಿ, ಇವತ್ತು ಕಿವಿ ತಾನಾಗಿ ಸರಿಹೋಗಿರಬಾರದೇಕೆ ಎಂದಿತು. ಅವಳು ಬಂದಿದ್ದಾಳೆ, ಅದೇ ಕಂಬದ ಪಕ್ಕ ನಿಂತಿದ್ದಾಳೆ, ಎಲ್ಲ ಮೊದಲಿನ ಹಾಗೇ ಇದೆ, ಕಿವಿಯೊಂದು ಮಾತ್ರ ಯಾಕೆ ಹಟ ಹಿಡಿಯಬೇಕು? ಹಸಿರು ಮುಗಿಯುತ್ತ ಬಂದಿತ್ತು. ಮತ್ತೆ ತಟ್ಟೆ ತಿರುಗಿಸಿ ಆ ಮರಳಿಗೆ ಮರಳಲು ಅವನಿಂದ ಆಗಲಿಲ್ಲ. ಹಿತವಾದ ಬದಿಯನ್ನೇ ಇಟ್ಟುಕೊಂಡು, ಇನ್ನೊಂದು ಸ್ವಲ್ಪ ಹೊತ್ತು ತಾನೊಬ್ಬನೇ ಕೇಳಿ, ಬಿಳಿಯನ್ನು ಹಜಾರಕ್ಕೆ ಬಿಟ್ಟ.

ಸ್ಪೀಕರಿನಿಂದ ಹೊರಬಿದ್ದೊಡನೆ ಎಂದಿನ ನೆರಳು ಎಲ್ಲದಕ್ಕೂ ಅಂಟಿಕೊಂಡಿತು. ಸರಿಯೋ ತಪ್ಪೋ ಅವನಿಗೆ ತಿಳಿಯುವ ಹಾಗಿರಲಿಲ್ಲ. ಜನ ಕೈಯೆತ್ತಿ ಕೂಗಿದರು, ತಾಳ ಓಡುತ್ತಿತ್ತಲ್ಲ. ಅವನು ಕಂಬದ ಕಡೆ ನೋಡಿದ. ರಮೋನಾ ಮಳೆಕೋಟನ್ನು ಎದೆಗೆ ಒತ್ತಿ ಹಿಡಿದು ನೆಲ ನೋಡುತ್ತಿದ್ದಳು.

ಮುಂದಿನ ಡಿಜೆಗೆ ಜಾಗ ಬಿಟ್ಟು, ಚೀಲ ಎತ್ತಿಕೊಂಡು ಅವನು ತೋಟಕ್ಕೆ ಬಂದಾಗ ಬೇಲಿಯ ಬಳಿ ಅವಳು ಆಗಲೇ ಬನ್ನು ಹಿಡಿದು ನಿಂತಿದ್ದಳು. ಖೀಮಾ, ಮೇಲೆ ರಾಶಿ ಈರುಳ್ಳಿ. ಬೇಲಿಯಾಚೆ ಸ್ಪ್ರೇ ನದಿಯಲ್ಲಿ ಮರಳು ಹೊತ್ತ ದೋಣಿಯೊಂದು ಹೋಗುತ್ತಿತ್ತು.

"ತಗೋ, ತಿನ್ನು. ಸಣ್ಣಗಾಗಿದ್ದೀಯಲ್ಲೋ."

"ನಿನ್ನ ಕೂದಲಿಗೇನಾಯ್ತೇ?"

"ಸಮುದ್ರ ನುಂಗ್ತು. ನಿನ್ನವನ್ನ ಯಾವ ಸಮುದ್ರ ನುಂಗ್ತೋ?"

ಇಬ್ಬರೂ ನಕ್ಕರು. ಫೋಲ್ಕರ್ ಬನ್ನು ಕಚ್ಚಿ ಕಾದ. ಈಗ ಶುರುವಾಗುತ್ತದೆ. ಕುರುಡ, ಮೆಟ್ಟಿಲು, ಅಜ್ಜಿ, ಏನಾದರೂ ಬರಲಿ. ತಪ್ಪಾಗಿದ್ದರೆ ಇವಳು ಬಿಡುವವಳಲ್ಲ, ಸರಿಯಾಗಿದ್ದರೆ ಈರುಳ್ಳಿ ಇದ್ದೇ ಇದೆ.

ರಮೋನಾ ಕಾಗದದಲ್ಲಿ ಕೈ ಒರೆಸಿಕೊಂಡಳು. "ಚೆನ್ನಾಗಿತ್ತು ಕಣೋ," ಎಂದಳು.

ಅವನು ಇನ್ನೂ ಕಾದ.

"ಅಷ್ಟೇನಾ?"

"ಇನ್ನೇನು? ತುಂಬಾ ಚೆನ್ನಾಗಿತ್ತು. ಜನ ಎಲ್ಲ ಎಷ್ಟು ಖುಷಿಯಾಗಿ ಕುಣಿದ್ರು."

ಅವನು ಬನ್ನನ್ನು ಬೇಲಿಯ ಮೇಲಿಟ್ಟ. ಮುಖಕ್ಕೆ ಹೊಡೆದ ಹಾಗೆ ಬೈದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಪ್ರವಾಸಿಗರಿಗೆ ಕೋಣೆ ತೋರಿಸುವಾಗಿನ ದನಿಯದು. ಅಷ್ಟರಲ್ಲಿ ಅವಳು ಏನೂ ಆಗದವಳಂತೆ ಅವನ ಹಿಂದಿನಿಂದ ಸುತ್ತಿ ಬಂದು, ಬೇಲಿಗೆ ಅವನ ಬಲಗಡೆ ಒರಗಿ ನಿಂತು, ದ್ವೀಪದ ಗಾಳಿಯ ಬಗ್ಗೆ, ಅಕ್ಕನ ಹೊಸ ಗಂಡನ ಬಗ್ಗೆ ಮಾತಾಡತೊಡಗಿದಳು. ಮೊದಲೆಲ್ಲ ಅವಳು ಎಡಗಡೆ ನಿಲ್ಲುತ್ತಿದ್ದವಳು.

"ಬೈಯೇ," ಎಂದ ಫೋಲ್ಕರ್.

"ಯಾಕೋ ಬೈಲಿ?"

"ಒಂದ್ಸಲ ಬೈಯೇ ಮಾರಾಯ್ತಿ. ನಿನ್ನ ಕಾಲಿಗೆ ಬೀಳ್ತೀನಿ."

ಅವಳು ನದಿ ನೋಡುತ್ತಿದ್ದಳು.

ಅವನು ಬಾರಿಗೆ ಹೋಗಿ ಸಿಬೆಲ್‌ಳ ದಪ್ಪ ಮಸಿಯ ಪೆನ್ನು ಕೇಳಿ ತಂದ. ಚೀಲದಿಂದ ಬಿಳಿ ರೆಕಾರ್ಡನ್ನು ಹೊರತೆಗೆದು ಅವಳ ಕೈಗಿಟ್ಟ. "ಈಗ ಹಾಕಿದ್ದು ಮೇಲಿರೋ ಬದಿ. ಒಂದು ಗುರುತು ಮಾಡ್ಕೊಡು."

"ಗುರುತು ಬೇಡ ಅಂತ ನಾವೇ ಬಿಟ್ವಲ್ಲೋ."

"ಆಗ ಕಿವಿ ಇತ್ತು."

ರಮೋನಾ ಏನೂ ಕೇಳಲಿಲ್ಲ. ಯಾವಾಗಿನಿಂದ ಎಂದಾಗಲಿ, ಡಾಕ್ಟರು ಏನಂದರು ಎಂದಾಗಲಿ, ಯಾಕೆ ಹೇಳಲಿಲ್ಲ ಎಂದಾಗಲಿ. ರೆಕಾರ್ಡನ್ನು ಎರಡೂ ಅಂಗೈಗಳ ಅಂಚಿನಲ್ಲಿ ಹಿಡಿದು, ಮೇಲಿದ್ದ ಬದಿಯನ್ನು ಬಹಳ ಹೊತ್ತು ನೋಡಿದಳು.

"ನನ್ನ ಬದಿ ಹಾಕ್ದೆ," ಎಂದಳು ಮೆಲ್ಲಗೆ. "ಇಷ್ಟು ವರ್ಷದಲ್ಲಿ ಹಸಿರಿನ ಜೊತೆ ಒಂದ್ಸಲಾನೂ ಹಾಕಿದೋನಲ್ಲ ನೀನು."

"ನನ್ನ ಕಿವಿಗೆ ಕೂಡ್ತು ಕಣೇ ಅದು. ಎಷ್ಟು ಚೆನ್ನಾಗಿ ಕೂಡ್ತು ಗೊತ್ತಾ. ನಿಂಗೆ ಕೇಳಿಸ್ಬೇಕಿತ್ತು."

ಅವಳು ಹೂಂ ಎಂದಳು. ತಟ್ಟೆಯನ್ನು ತಿರುಗಿಸಿ, ಇನ್ನೊಂದು ಬದಿಯ ಬಿಳಿ ಕಾಗದದ ಮೇಲೆ ಅವನ ಹೆಸರಿನ ಮೊದಲ ಅಕ್ಷರ ಬರೆದಳು. ಮಸಿ ಒಣಗಲೆಂದು ಊದಿ, ಅದರ ಕವರಿನೊಳಗಿಟ್ಟು ವಾಪಸು ಕೊಟ್ಟಳು.

ರೈಲಿಗೆ ಹೊತ್ತಾಗಿತ್ತು. ಬಾಗಿಲವರೆಗೆ ಹೋಗಿ ಅವಳು ಮಳೆಕೋಟು ಹಾಕಿಕೊಂಡಳು. "ಮುಂದಿನ ತಿಂಗಳೂ ಬರ್ತೀಯಾ?" ಎಂದು ಅವನು ಕೇಳಿದ.

"ಬರ್ತೀನಿ," ಎಂದಳು ಅವಳು ತಟ್ಟನೆ. ಇಂಥ ಮಾತಿಗೆಲ್ಲ ನೋಡೋಣ ಎಂದು ಮೂಗು ಮುರಿಯುವ ಹೆಂಗಸು ಅವಳು. ಇದೂ ಚೆನ್ನಾಗಿತ್ತು ಎಂದ ದನಿಯದೇ ಎಂದು ಫೋಲ್ಕರನಿಗೆ ಅರ್ಥವಾಯಿತು.

ಅವಳು ಹೋದ ಮೇಲೆ ಅವನು ಬೇಲಿಯ ಬಳಿಗೆ ಹಿಂತಿರುಗಿ ಉಳಿದ ಬನ್ನು ತಿಂದ. ಈರುಳ್ಳಿ ನಿಜಕ್ಕೂ ಜಾಸ್ತಿಯಾಗಿತ್ತು. ಒಳಗೆ ಮುಂದಿನವರ ಪಾಳಿ ಶುರುವಾಗಿತ್ತು, ಕಾರ್ಖಾನೆಯ ದಪ್ಪ ಗೋಡೆ ಸ್ವರಗಳನ್ನೆಲ್ಲ ಒಳಗೇ ಹಿಡಿದುಕೊಂಡು ತಾಳವನ್ನಷ್ಟೇ ಹೊರಗೆ ಬಿಡುತ್ತಿತ್ತು. ಅದೊಂದು ಅವನ ಎರಡು ಕಿವಿಗಳಿಗೂ ಒಂದೇ ಥರ ಕೇಳಿಸುತ್ತಿತ್ತು.